ಉದ್ಯಮ ಕಟ್ಟಿದವನ ಮೌನ

ದೀಪಾವಳಿ ಕಳೆದು, ಮಳೆಯನ್ನೇ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳದ ಒಕ್ಕಣೆ ಒಂದು ಹದಕ್ಕೆ ಬಂದಿತೆಂದರೆ, ಹರಪನಹಳ್ಳಿ, ಕೂಡ್ಲಿಗಿ, ಹೂವಿನಹಡಗಲಿ ತಾಲ್ಲೂಕುಗಳ ತಾಂಡಾಗಳಲ್ಲಿ ಮನೆಮನೆಗೆ ಬೀಗ ಬೀಳುವ ಕಾಲ ಸನ್ನಿಹಿತವಾಯಿತೆಂದು ತಿಳಿಯಬೇಕು. ಕೂಸುಗಳನ್ನೂ ಅಡುಗೆಯ ಪಾತ್ರೆಗಳನ್ನೂ ಕಟ್ಟಿಕೊಂಡು, ವಯಸ್ಸಾದವರನ್ನು ಮಾತ್ರ ಮನೆಯ ಕಾವಲಿಗೆ ಬಿಟ್ಟು, ಕುಟುಂಬಕ್ಕೆ ಕುಟುಂಬವೇ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟಗಳಿಗೆ ಹಣ್ಣು ಕೊಯ್ಯುವ ಕೆಲಸಕ್ಕೆ ಹೊರಟುಹೋಗುವುದು ಈ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಆದುದರಿಂದ 2019ರ ಜುಲೈ 29ರ ಸಂಜೆ ಕಾಫಿ ನಾಡಿನ ಬಹುದೊಡ್ಡ ತೋಟಗಳ ಒಡೆಯರೂ ‘ಕೆಫೆ ಕಾಫಿ ಡೇ’ ಸಂಸ್ಥೆಯ ಸ್ಥಾಪಕರೂ ಆಗಿದ್ದ ವಿ. ಜಿ. ಸಿದ್ಧಾರ್ಥರು ಮಂಗಳೂರಿನ ಬಳಿ ಕಾಣೆಯಾದರೆಂಬ ಸುದ್ದಿಯೂ, 31ರ ಬೆಳಗ್ಗೆ ಅವರ ಪಾರ್ಥಿವ ಶರೀರ ನೇತ್ರಾವತಿಯಲ್ಲಿ ದೊರೆಯಿತೆಂಬ ಸುದ್ದಿಯೂ ಬಂದಾಗ, ಅದು ನಮ್ಮ ಕಡೆಯ ಜನಕ್ಕೆ ಬೆಂಗಳೂರಿನ ಸಿರಿವಂತರ ಲೋಕದ ಒಂದು ದೂರದ ವಾರ್ತೆಯಾಗಿರಲಿಲ್ಲ. ಕಾಫಿಯ ಸೀಮೆಯಲ್ಲಿ ದುಡಿದು ಬಂದವರ ಕೈಗಳಿಗೆ ಆ ಹೆಸರಿನ ಹಿಂದಿದ್ದ ಗಿಡಗಳ ಪರಿಚಯವಿತ್ತು.

ಈ ಸೀಮೆಯಿಂದ ಹೊರಡುವವರಲ್ಲಿ ಇನ್ನೊಂದು ಬಗೆಯವರೂ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿದ್ದಾರೆ. ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಕಾಲ ನೌಕರಿ ಮಾಡಿ, ಆ ನೌಕರಿಯನ್ನು ಬಿಟ್ಟು ಸ್ವಂತದ ಕಂಪನಿಯೊಂದನ್ನು ಕಟ್ಟಬೇಕೆಂಬ ಆಕಾಂಕ್ಷೆಯನ್ನು ಹೊತ್ತ ತರುಣ ತರುಣಿಯರು ಅವರು. ಕರ್ನಾಟಕ ಸರ್ಕಾರ 2015ರಲ್ಲಿ ಸ್ಟಾರ್ಟಪ್‌ಗಳಿಗೆಂದೇ ಒಂದು ನೀತಿಯನ್ನು ರೂಪಿಸಿತು. 2016ರ ಜನವರಿ 16ರಂದು ಕೇಂದ್ರ ಸರ್ಕಾರ ‘ಸ್ಟಾರ್ಟಪ್ ಇಂಡಿಯಾ’ ಯೋಜನೆಯನ್ನು ಉದ್ಘಾಟಿಸಿತು. ಪತ್ರಿಕೆಗಳಲ್ಲಿ ಇಂಥವರ ಭಾವಚಿತ್ರಗಳು ಬರುತ್ತವೆ, ಊರಿನಲ್ಲಿ ಸನ್ಮಾನಗಳು ನಡೆಯುತ್ತವೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಉದ್ಯಮವನ್ನು ಕಟ್ಟುವ ಮನುಷ್ಯನ ಅಂತರಂಗದಲ್ಲಿ ಆ ವರ್ಷಗಳಲ್ಲಿ ಏನು ನಡೆಯುತ್ತದೆ, ಅವನ ನಿದ್ರೆ, ಅವನ ಸಂಸಾರ, ಅವನ ಆತ್ಮಗೌರವ ಯಾವ ಬೆಲೆಯನ್ನು ತೆರುತ್ತವೆ ಎಂಬುದನ್ನು ನಾವು ಕೇಳುವುದು ಅಪರೂಪ. ಕೇಳಿದರೂ ಅವನು ಹೇಳುವುದು ಅದಕ್ಕಿಂತ ಅಪರೂಪ.

ಸಿದ್ಧಾರ್ಥರ ಬದುಕನ್ನು ಈ ದೃಷ್ಟಿಯಿಂದ ನೋಡಬೇಕಾಗಿದೆ. 1959ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರ ಮನೆತನವೊಂದರಲ್ಲಿ ಜನಿಸಿದ ಅವರು, ಮಂಗಳೂರಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿ, ಮುಂಬಯಿಯ ಹಣಕಾಸು ಸಂಸ್ಥೆಯೊಂದರಲ್ಲಿ ಷೇರು ವ್ಯವಹಾರದ ಮರ್ಮವನ್ನು ಕಲಿತು, ಬೆಂಗಳೂರಿಗೆ ಮರಳಿ ತಂದೆ ಕೊಟ್ಟ ಹಣದಿಂದ ಸ್ವಂತ ವ್ಯವಹಾರವನ್ನು ಆರಂಭಿಸಿದರು. ಆ ಕಾಲದಲ್ಲಿ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸತಕ್ಕದ್ದೆಂಬ ನಿಯಮವಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿದಾಗ, ಬೆಳೆಯುವವನೇ ಮಾರಲೂಬಹುದೆಂಬ ಹೊಸ ಅವಕಾಶವನ್ನು ಬಹುಬೇಗ ಗುರುತಿಸಿದವರಲ್ಲಿ ಅವರೊಬ್ಬರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆಯಿತು. ಇಂಟರ್ನೆಟ್ ಎಂಬುದು ಜನಕ್ಕೆ ಇನ್ನೂ ಹೊಸತಾಗಿದ್ದ ದಿನಗಳವು. ಕಾಫಿಯ ಬಟ್ಟಲಿನ ಜೊತೆಗೆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಅವಕಾಶವೂ ಅಲ್ಲಿ ದೊರೆಯುತ್ತಿತ್ತು. ಎರಡು ದಶಕಗಳಲ್ಲಿ ಅಂಥ ಮಳಿಗೆಗಳು ದೇಶದಲ್ಲೆಲ್ಲ ಹಬ್ಬಿ ಸಾವಿರದ ಸಂಖ್ಯೆಯನ್ನು ದಾಟಿದವು. 2015ರಲ್ಲಿ ಸಂಸ್ಥೆ ಷೇರು ಪೇಟೆಯನ್ನು ಪ್ರವೇಶಿಸಿ 1,150 ಕೋಟಿ ರೂಪಾಯಿ ಸಂಗ್ರಹಿಸಿತು. ‘ಮೈಂಡ್‌ಟ್ರೀ’ ಎಂಬ ಸಾಫ್ಟ್‌ವೇರ್ ಸಂಸ್ಥೆಗೆ ಅದರ ಆರಂಭದಲ್ಲಿಯೇ ಬಂಡವಾಳ ಒದಗಿಸಿ, ತಮ್ಮ ಪಾಲನ್ನು 2019ರಲ್ಲಿ ಮೂರು ಸಾವಿರ ಕೋಟಿಗೂ ಮಿಕ್ಕ ಬೆಲೆಗೆ ಮಾರಿದುದೂ ಅವರ ದೂರದೃಷ್ಟಿಗೆ ಸಾಕ್ಷಿಯೆಂದೇ ಆಗ ಎಲ್ಲರೂ ಹೇಳಿದರು. ಆ ಹಣವೆಲ್ಲ ಸಾಲ ತೀರಿಸುವುದಕ್ಕೆ ಬೇಕಾಗಿತ್ತೆಂಬುದನ್ನು ಗಮನಿಸಿದವರು ಕಡಮೆ.

ಅವರು ಕಾಣೆಯಾದ ಮೇಲೆ ಬಹಿರಂಗಕ್ಕೆ ಬಂದ, ಅವರ ಸಹಿಯಿರುವುದೆಂದು ಹೇಳಲಾದ ಪತ್ರದಲ್ಲಿ ಸಾಲ ಕೊಟ್ಟವರ ಮತ್ತು ಹೂಡಿಕೆದಾರರ ಒತ್ತಡ, ಆದಾಯ ತೆರಿಗೆ ಇಲಾಖೆಯ ಕ್ರಮಗಳು ಪ್ರಸ್ತಾಪಗೊಂಡಿದ್ದವು. ತನ್ನ ಕ್ರಮಗಳು ಕಾನೂನಿಗೆ ಅನುಗುಣವಾಗಿಯೇ ಇದ್ದುವೆಂದು ಇಲಾಖೆ ಉತ್ತರ ಕೊಟ್ಟಿತು. ಜನರು ಬಹುಮಟ್ಟಿಗೆ ಈ ಭಾಗವನ್ನೇ ಹಿಡಿದು ಚರ್ಚಿಸಿದರು. ಆದರೆ ಆ ಪತ್ರದಲ್ಲಿ ನನ್ನನ್ನು ಕಲಕಿದ ಭಾಗ ಬೇರೆ. ಉದ್ಯಮಿಯಾಗಿ ತಾನು ಸೋತೆನೆಂದು ಅದರಲ್ಲಿ ಹೇಳಲಾಗಿದೆ. ತನ್ನ ವ್ಯವಹಾರಗಳ ಸಂಗತಿ ಸಹೋದ್ಯೋಗಿಗಳಿಗಾಗಲಿ ಲೆಕ್ಕ ಪರಿಶೋಧಕರಿಗಾಗಲಿ ತಿಳಿಯದೆಂದೂ, ಕುಟುಂಬವನ್ನೂ ಒಳಗೊಂಡು ಎಲ್ಲರಿಂದಲೂ ತಾನು ಅದನ್ನು ಮುಚ್ಚಿಟ್ಟಿದ್ದೆನೆಂದೂ ಹೇಳಲಾಗಿದೆ. ಮುಂದೆ 2020ರ ಜುಲೈನಲ್ಲಿ ಹೊರಬಂದ ತನಿಖಾ ವರದಿಯು, ಕಂಪನಿಯ ಅಂಗಸಂಸ್ಥೆಗಳಿಂದ ಅವರ ಸ್ವಂತದ ತೋಟದ ಸಂಸ್ಥೆಗೆ ಸಂದು ಮರಳಿ ಬರಬೇಕಾಗಿದ್ದ ಹಣ 2,693 ಕೋಟಿ ರೂಪಾಯಿಗಳೆಂದು ಗುರುತಿಸಿತು. ಅದರ ನ್ಯಾಯಾನ್ಯಾಯಗಳನ್ನು ವಿಚಾರಿಸುವುದು ನ್ಯಾಯಸ್ಥಾನಗಳ ಕೆಲಸ. ಇಲ್ಲಿ ನಾವು ಮನಸ್ಸಿಗೆ ತಂದುಕೊಳ್ಳಬೇಕಾದುದು ಇಷ್ಟು: ಸಹಸ್ರಾರು ಜನರಿಗೆ ಉದ್ಯೋಗವಿತ್ತ, ಸುತ್ತಲೂ ಬಂಧುಮಿತ್ರರೂ ನುರಿತ ಸಲಹೆಗಾರರೂ ಇದ್ದ ಒಬ್ಬ ಮನುಷ್ಯನು ತನ್ನ ಅತ್ಯಂತ ಭಾರವಾದ ಸಂಗತಿಯನ್ನು ಯಾರೊಡನೆಯೂ ಹಂಚಿಕೊಳ್ಳಲಾರದೆ ವರ್ಷಗಟ್ಟಲೆ ಒಬ್ಬನೇ ಹೊತ್ತಿದ್ದನು.

ಒಬ್ಬರ ಅಂತ್ಯಕ್ಕೆ ಒಂದೇ ಕಾರಣವನ್ನು ಹೊರಗಿನವರು ನಿರ್ಣಯಿಸಬಾರದು. ಮನೋವೈದ್ಯರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ, ಹಾಗೆ ಹೇಳುವುದು ಸರಿಯಾಗಿಯೂ ಇದೆ. ಆದರೆ ತರುವಾಯ ನಡೆದುದನ್ನು ಮಾತ್ರ ತಿಳಿದಿರುವುದು ಒಳ್ಳೆಯದು. ಅವರ ಪತ್ನಿ ಮಾಳವಿಕಾ ಹೆಗ್ಡೆಯವರು 2020ರ ಡಿಸೆಂಬರಿನಲ್ಲಿ ಸಂಸ್ಥೆಯ ಆಡಳಿತದ ಹೊಣೆಯನ್ನು ವಹಿಸಿಕೊಂಡರು. ಬೆಂಗಳೂರಿನ ತಂತ್ರಜ್ಞಾನ ಉದ್ಯಾನವೊಂದನ್ನೂ ಇತರ ಆಸ್ತಿಗಳನ್ನೂ ಮಾರಿ, ಲಾಭವಿಲ್ಲದ ಮಳಿಗೆಗಳನ್ನು ಮುಚ್ಚಿ, 2019ರಲ್ಲಿ ಏಳು ಸಾವಿರ ಕೋಟಿಯಷ್ಟಿದ್ದ ಸಾಲವನ್ನು ಎರಡೇ ವರ್ಷಗಳಲ್ಲಿ ಎರಡು ಸಾವಿರ ಕೋಟಿಗೂ ಕೆಳಕ್ಕೆ ಇಳಿಸಲಾಯಿತು. ಸಂಸ್ಥೆಯ ಕಷ್ಟಗಳು ಅಲ್ಲಿಗೇ ಮುಗಿದವೆಂದಲ್ಲ. ಅದು ಮೊದಲಿಗಿಂತ ಸಣ್ಣದಾಯಿತು, ತಗಾದೆಗಳು ಉಳಿದವು. ಆದರೂ, ಒಬ್ಬನ ಕಣ್ಣಿಗೆ ದಾಟಲಾರದ ಪ್ರವಾಹವೆಂದು ತೋರಿದ ಋಣವು ಹಲವರು ಕುಳಿತು ಲೆಕ್ಕ ನೋಡಿದಾಗ ಮಾರಬಹುದಾದ, ಮುಚ್ಚಬಹುದಾದ, ಕಾಲಾವಕಾಶ ಕೇಳಬಹುದಾದ ಬಾಬುಗಳಾಗಿ ವಿಂಗಡಗೊಂಡಿತೆಂಬುದು ದಾಖಲೆಯಲ್ಲಿರುವ ಸತ್ಯ. ಮನಸ್ಸು ಬಹಳ ಕಾಲ ಒಂಟಿಯಾಗಿ ದಣಿದಾಗ ಮೊದಲು ಕಳೆದುಕೊಳ್ಳುವುದು ಈ ವಿಂಗಡಿಸುವ ಶಕ್ತಿಯನ್ನೇ.

ಉದ್ಯಮದ ನಷ್ಟವು ಉದ್ಯಮಿಯ ಪ್ರಾಣಕ್ಕೆ ಇಷ್ಟು ಬಿಗಿಯಾಗಿ ಏಕೆ ಅಂಟಿಕೊಳ್ಳಬೇಕು? ಕಾನೂನಿನ ಆಶಯವೇನೋ ಇದಕ್ಕೆ ವಿರುದ್ಧವಾದುದು. 1897ರಲ್ಲಿ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಸ್ಥಾನವು ಸಾಲೊಮನ್ ಎಂಬ ಚರ್ಮದ ಬೂಟು ತಯಾರಕನ ಮೊಕದ್ದಮೆಯಲ್ಲಿ, ಕಂಪನಿಯೆಂಬುದು ಅದನ್ನು ಸ್ಥಾಪಿಸಿದವನಿಂದ ಭಿನ್ನವಾದ ವ್ಯಕ್ತಿಯೆಂದೂ, ಕಂಪನಿಯ ಸಾಲಕ್ಕೆ ಅವನ ಮನೆಮಠಗಳು ಈಡಾಗತಕ್ಕದ್ದಲ್ಲವೆಂದೂ ತೀರ್ಮಾನಿಸಿತು. ನಮ್ಮ ‘ಪ್ರೈವೇಟ್ ಲಿಮಿಟೆಡ್’ ಎಂಬ ಏರ್ಪಾಡು ನಿಂತಿರುವುದು ಈ ತತ್ತ್ವದ ಮೇಲೆಯೇ. ಆದರೆ ಸಾಲ ಕೇಳಲು ಬ್ಯಾಂಕಿಗೆ ಹೋದವನ ಮುಂದೆ ಇಡುವ ಕಾಗದಗಳ ಕಟ್ಟಿನಲ್ಲಿ ವೈಯಕ್ತಿಕ ಜಾಮೀನಿನ ಪತ್ರವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಅವನು ಸಹಿ ಮಾಡುತ್ತಾ ಹೋಗುತ್ತಾನೆ; ಒಂದು ಸಹಿ ಕಂಪನಿಯ ನಿರ್ದೇಶಕನಾಗಿ, ಮತ್ತೊಂದು ಸಹಿ ಬರಿಯ ಮನುಷ್ಯನಾಗಿ. ಆ ಎರಡನೆಯ ಸಹಿಯೊಡನೆ, ಕಾನೂನು ಕೊಟ್ಟ ರಕ್ಷಣೆ ಅಷ್ಟರಮಟ್ಟಿಗೆ ಕಳಚಿಬೀಳುತ್ತದೆ. ಬಾವಿಯ ಹಗ್ಗದ ತುದಿಯನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡು ನೀರು ಸೇದುವವನ ಸ್ಥಿತಿ ಅವನದಾಗುತ್ತದೆ. 2016ರ ದಿವಾಳಿ ಸಂಹಿತೆಯ ನಿಯಮಗಳನ್ನು 2019ರ ಡಿಸೆಂಬರಿನಿಂದ ಇಂಥ ಜಾಮೀನುದಾರರಿಗೂ ಅನ್ವಯಿಸಲಾಯಿತು. 2021ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇನ್ನು ಕಂಪನಿಯನ್ನೇ ನೋಂದಾಯಿಸದೆ ಸ್ವಂತ ಹೆಸರಿನಲ್ಲಿ ಅಂಗಡಿಯನ್ನೋ ಗಿರಣಿಯನ್ನೋ ನಡೆಸುವವನಿಗೆ, ಕೂಡ್ಲಿಗಿ ಕೊಟ್ಟೂರುಗಳಲ್ಲಿ ಬಹುಪಾಲು ಜನ ಮಾಡುವುದು ಹೀಗೆಯೇ, ಅಂಥ ರಕ್ಷಣೆಯ ಗೋಡೆಯೇ ಮೊದಲಿನಿಂದ ಇರುವುದಿಲ್ಲ. ಅದರ ಮೇಲೆ ಖಾತ್ರಿಗೆಂದು ಕೊಟ್ಟ ಚೆಕ್ಕು. ಅದು ಬೌನ್ಸ್ ಆದರೆ ಚೆಕ್ಕು ಮುಂತಾದ ವಿನಿಮಯ ಪತ್ರಗಳ ಕಾನೂನಿನ 138ನೆಯ ಕಲಮಿನ ಪ್ರಕಾರ ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದೆಂಬ ಭಯವು, ಹಣ ಎಷ್ಟೇ ಸಣ್ಣದಾಗಿರಲಿ, ಮರ್ಯಾದಸ್ಥನ ನಿದ್ರೆಯನ್ನು ಕೆಡಿಸಲು ಸಾಕು.

ಬ್ಯಾಂಕಿನ ಸಾಲಕ್ಕಿಂತ ಭಾರವಾದುದು ಮನೆಯ ಸಾಲ. 1981ರಲ್ಲಿ ಇನ್ಫೋಸಿಸ್ ಆರಂಭವಾದಾಗ ನಾರಾಯಣ ಮೂರ್ತಿಯವರ ಕೈಗೆ ಸುಧಾ ಮೂರ್ತಿಯವರು ತಮ್ಮ ಉಳಿತಾಯದ ಹತ್ತು ಸಾವಿರ ರೂಪಾಯಿಗಳನ್ನು ಕೊಟ್ಟ ಪ್ರಸಂಗವನ್ನು ಕನ್ನಡಿಗರೆಲ್ಲ ಬಲ್ಲರು. ಆ ಕಥೆ ಶುಭಾಂತವಾದುದರಿಂದ ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದೇ ರೀತಿಯಲ್ಲಿ ಹೆಂಡತಿಯ ಬಳೆಗಳನ್ನು, ಅವ್ವನ ಬೋರಮಾಳ ಸರವನ್ನು, ತಂಗಿಯ ಮದುವೆಗೆಂದು ಕೂಡಿಟ್ಟಿದ್ದ ಹಣವನ್ನು ತೆಗೆದುಕೊಂಡು ಹೊರಟು, ಹಿಂದಿರುಗಿಸಲಾರದೆ ಹೋದವರ ಕಥೆಗಳನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಆದರೆ ಪ್ರಪಂಚದ ಎಲ್ಲೆಡೆಯಲ್ಲಿಯೂ ಹೊಸ ಉದ್ಯಮಗಳಲ್ಲಿ ಬಹುಪಾಲು ನಿಲ್ಲುವುದಿಲ್ಲವಾದುದರಿಂದ, ಹೇಳದೆ ಉಳಿದ ಕಥೆಗಳೇ ಸಂಖ್ಯೆಯಲ್ಲಿ ಹೆಚ್ಚು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದರ ಪರಿಮಳ ಪ್ರಸಿದ್ಧವಾದುದು. ಈ ಊರಿನ ತರುಣನೊಬ್ಬನು, ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಬೆಳೆಗಾರರಿಂದ ನೇರವಾಗಿ ಕೊಂಡು, ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಅಂದಿನ ಸಂಜೆಯೊಳಗೆ ಬೆಂಗಳೂರಿನ ಮನೆಗಳಿಗೆ ಮುಟ್ಟಿಸುವ ಕಂಪನಿಯೊಂದನ್ನು ತೆರೆದನೆಂದು ಭಾವಿಸಿರಿ. ಮೊಗ್ಗಿನ ಆಯುಸ್ಸು ಒಂದು ದಿನದ್ದು. ಲಾರಿ ಕೆಟ್ಟು ನಿಂತರೆ ಪೆಟ್ಟಿಗೆಯೊಳಗೇ ಅರಳಿ ಕಂದಿದ ಹೂವಿನ ಬೆಲೆ ಸೊನ್ನೆ. ಮೊದಲ ವರ್ಷ ಮದುವೆಗಳ ಕಾಲದಲ್ಲಿ ವ್ಯಾಪಾರ ಚೆನ್ನಾಗಿ ನಡೆದು, ಹೂಡಿಕೆದಾರನೊಬ್ಬನು ಮುಂದೆ ಬಂದು, ಇನ್ನೂ ನಾಲ್ಕು ಊರುಗಳಿಗೆ ವಿಸ್ತರಿಸಬೇಕೆಂದು ಒತ್ತಾಯಿಸಿದನು. ವಿಸ್ತರಿಸಿದ್ದಾಯಿತು. ಆಷಾಢ ಬಂದಿತು, ಮದುವೆಗಳು ನಿಂತವು, ಬೇಡಿಕೆ ಕುಸಿಯಿತು. ಆದರೆ ಗಿಡ ಆಷಾಢವನ್ನು ನೋಡಿ ಮೊಗ್ಗು ಬಿಡುವುದಲ್ಲ, ಹೂ ಬಿಡಿಸಿದ ಹೆಂಗಸರ ಕೂಲಿ ನಿಲ್ಲುವುದಲ್ಲ. ತಿಂಗಳ ಕೊನೆಯಲ್ಲಿ ಹುಡುಗರ ಸಂಬಳಕ್ಕೆ ಹಣ ಸಾಲದೆ, ಅವನು ತನ್ನ ಕ್ರೆಡಿಟ್ ಕಾರ್ಡಿನಿಂದ ಎಳೆದು ಕೊಡುತ್ತಾನೆ. ತನಗೆ ಸಂಬಳ ತೆಗೆದುಕೊಂಡು ಬಹಳ ದಿನಗಳಾಗಿವೆಯೆಂಬುದು ಹುಡುಗರಿಗೆ ತಿಳಿಯದು, ಮನೆಯಲ್ಲಿ ಹೆಂಡತಿಗೂ ತಿಳಿಯದು.

ಅಂಥವನು ಕೊಟ್ಟೂರೇಶ್ವರನ ತೇರಿಗೆ ಊರಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಸಾಲ ಕೊಟ್ಟದ್ದು ಒಂದು ಸಂಸ್ಥೆ, ಅದಕ್ಕೆ ಮುಖವಿಲ್ಲ. ಇಲ್ಲಿ ಹೂವಿನ ಬಾಕಿ ಬರಬೇಕಾದವರು ಕಾಕಾ, ಮಾವ, ಓಣಿಯ ಅಣ್ಣಂದಿರು. ತೇರಿನ ಜನಜಂಗುಳಿಯಲ್ಲಿ ಎದುರಾದ ಹಿರಿಯರು ಅಕ್ಕರೆಯಿಂದಲೇ ಕೇಳುತ್ತಾರೆ: “ಏನಪಾ, ಕಂಪ್ನಿ ಹೆಂಗೈತಿ?” ಅವನು ಹೇಳುವುದು ಒಂದೇ ಮಾತು: “ಚಲೋ ಐತಿ ಕಾಕಾ.” ಆ ಹಿರಿಯರು ಬಾಕಿಯ ಮಾತನ್ನೇ ಎತ್ತದೆ, ಮಿರ್ಚಿ ಮಂಡಕ್ಕಿ ಕೊಡಿಸಿ, ಬೆನ್ನು ತಟ್ಟಿ ಕಳಿಸುತ್ತಾರೆ. ಅವರು ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದನೇನೋ. ಆ ವಿಶ್ವಾಸವನ್ನು ತಾಳಿಕೊಳ್ಳುವುದು ಕಷ್ಟ. ಸಾಲದ ಮೊತ್ತವು ಅವನನ್ನು ಅರೆಯುವುದಕ್ಕಿಂತ ಹೆಚ್ಚಾಗಿ, “ಚಲೋ ಐತಿ” ಎಂಬ ಆ ಮಾತನ್ನು ದಿನದಿನವೂ, ಕೆಲಸದ ಹುಡುಗರಿಗೊಮ್ಮೆ, ಹೂಡಿಕೆದಾರನಿಗೊಮ್ಮೆ, ಮಡದಿಗೊಮ್ಮೆ, ಅವ್ವನಿಗೊಮ್ಮೆ ನಗುಮುಖದಿಂದ ಹೇಳಬೇಕಾದ ಕರ್ಮವು ಅರೆಯುತ್ತದೆಂದು ನಾನು ನಂಬುತ್ತೇನೆ.

ನಗರದ ಸ್ಟಾರ್ಟಪ್ ಲೋಕದಲ್ಲಿ ಈ ಮರೆಮಾಚುವಿಕೆ ಒಂದು ಕೌಶಲವೆಂದೇ ಪರಿಗಣಿತವಾಗುತ್ತದೆ. ಧೈರ್ಯವಾಗಿ ಕಾಣಿಸದ ಸಂಸ್ಥಾಪಕನಿಗೆ ಬಂಡವಾಳ ಬಾರದು. ಬಂಡವಾಳ ಬಾರದಿದ್ದರೆ ಒಳ್ಳೆಯ ಕೆಲಸಗಾರರು ನಿಲ್ಲರು. ಹಣ ಪಡೆದ ದಿನವನ್ನು ಜಯದ ದಿನವೆಂದು ಪತ್ರಿಕೆಗಳು ಬರೆಯುತ್ತವೆ. ಪಡೆದ ಹಣವು ಇಂತಿಷ್ಟು ಕಾಲದಲ್ಲಿ ಹಲವು ಪಟ್ಟು ಬೆಳೆಯತಕ್ಕದ್ದೆಂಬ ನಿರೀಕ್ಷೆಯ ಹೊರೆಯೂ ಅಂದೇ ಹೆಗಲಿಗೇರಿತೆಂಬುದನ್ನು ಬರೆಯುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಮೈಕೆಲ್ ಫ್ರೀಮನ್ ಮತ್ತು ಅವರ ಸಂಗಡಿಗರು 2015ರಲ್ಲಿ 242 ಮಂದಿ ಉದ್ಯಮಿಗಳನ್ನು ವಿಚಾರಿಸಿ ನೋಡಿದಾಗ, ಅವರಲ್ಲಿ ನೂರಕ್ಕೆ 49 ಮಂದಿ ಜೀವಿತದಲ್ಲಿ ಒಮ್ಮೆಯಾದರೂ ಯಾವುದಾದರೊಂದು ಮಾನಸಿಕ ತೊಂದರೆಯನ್ನು ಅನುಭವಿಸಿದವರೆಂದೂ, ನೂರಕ್ಕೆ 30 ಮಂದಿ ಖಿನ್ನತೆಯನ್ನು ಕಂಡವರೆಂದೂ ತಿಳಿದುಬಂದಿತು. ಉದ್ಯಮಿಗಳಲ್ಲದವರ ಗುಂಪಿನಲ್ಲಿ ಮೊದಲನೆಯ ಅಂಕಿ ನೂರಕ್ಕೆ 32. ಉದ್ಯಮವೇ ಕಾಯಿಲೆಯನ್ನು ತಂದಿತೋ, ತೀವ್ರ ಮನಸ್ಸಿನವರೇ ಉದ್ಯಮಕ್ಕೆ ಹೆಚ್ಚಾಗಿ ಇಳಿಯುವರೋ ಎಂಬುದನ್ನು ಇಂಥ ಒಂದು ಅಧ್ಯಯನ ನಿರ್ಣಯಿಸಲಾರದು. ಎರಡೂ ನಿಜವಾಗಿರಬಹುದು.

ಮಹಿಳೆಯರ ವಿಷಯದಲ್ಲಿ ಇದರ ಸ್ವರೂಪ ಇನ್ನಷ್ಟು ಕಠಿನ. ಸಂಘದ ಸಾಲದಲ್ಲಿ ರೊಟ್ಟಿಯ ಕೇಂದ್ರವನ್ನೋ ಹೊಲಿಗೆಯ ಅಂಗಡಿಯನ್ನೋ ತೆರೆದ ಹೆಣ್ಣುಮಗಳಿಗೆ ಅವಳ ಗುಂಪಿನ ಗೆಳತಿಯರೇ ಜಾಮೀನು. ಒಂದು ವಾರದ ಕಂತು ತಪ್ಪಿದರೆ ಅವಳ ಬಾಗಿಲಿಗೆ ಬರುವವರು ನಿತ್ಯ ನೀರಿನ ನಲ್ಲಿಯ ಬಳಿ ಸಿಗುವವರೇ. ಸಣ್ಣ ಸಾಲದ ವಸೂಲಿಯ ಕಿರುಕುಳ ಸಹಿಸಲಸಾಧ್ಯವಾಗಿ ಬೆಳೆದುದರಿಂದಲೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯನ್ನು ವಿಧಿಸಬೇಕಾಯಿತು. ಉದ್ಯಮ ನಡೆದರೂ ಬಿದ್ದರೂ ಅಡುಗೆ, ಮಕ್ಕಳು, ಅತ್ತೆಮಾವಂದಿರ ಶುಶ್ರೂಷೆ ಇವಾವುವೂ ಅವಳಿಗೆ ರಜೆ ಕೊಡುವುದಿಲ್ಲ. ಸೋತಾಗ “ಮೊದಲೇ ಹೇಳಿದ್ವಿ” ಎನ್ನುವವರು ಮಾತ್ರ ಮನೆಯೊಳಗೇ ಇರುತ್ತಾರೆ.

ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡು ಬದುಕಿದವರು ನಮ್ಮಲ್ಲಿ ಇಲ್ಲವೇ ಎಂದರೆ, ಇದ್ದಾರೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ಜೀವನವನ್ನು ಈ ಪ್ರಸಂಗದಲ್ಲಿ ನೆನೆಯಬೇಕು. ಸೈನ್ಯವನ್ನು ಬಿಟ್ಟು ಬಂದಾಗ ಅವರ ಮನೆತನದ ಜಮೀನು ಹೇಮಾವತಿಯ ಅಣೆಕಟ್ಟಿನ ನೀರಿಗೆ ಸಂದುಹೋಗಿತ್ತು. ಬದಲಿಗೆ ದೊರೆತದ್ದು ಜಾವಗಲ್ಲಿನ ಕಡೆಯ ಬಂಜರು ನೆಲ. ಅಲ್ಲಿ ಡೇರೆ ಹಾಕಿಕೊಂಡು ಬೇಸಾಯ ಮಾಡಿದರು. ರೇಷ್ಮೆ, ಹೋಟೆಲು, ಮೋಟಾರ್ ಸೈಕಲ್ಲಿನ ಏಜೆನ್ಸಿ ಎಂದು ಹಲವು ಕಸಬುಗಳಲ್ಲಿ ಕೈಯಾಡಿಸಿ, ಕೆಲವುಗಳಲ್ಲಿ ಎದ್ದು ಕೆಲವುಗಳಲ್ಲಿ ಬಿದ್ದು, 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆಯನ್ನೂ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನೂ ಸ್ಥಾಪಿಸಿದರು. ಆ ವರ್ಷ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಡಬೇಕಾಗಿದ್ದ ಉದ್ಘಾಟನೆಯ ವಿಮಾನದಲ್ಲಿ, ಗಣ್ಯರೆಲ್ಲ ಕುಳಿತಿರುವಾಗಲೇ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. ದೇಶದ ಕಣ್ಣೆದುರಿಗೇ ನಡೆದ ಅವಮಾನ ಅದು. 2007ರಲ್ಲಿ ಸಂಸ್ಥೆಯ ಪಾಲು ಕಿಂಗ್‌ಫಿಷರ್‌ಗೆ ಹೋಯಿತು, ಕೆಲವೇ ವರ್ಷಗಳಲ್ಲಿ ಏರ್ ಡೆಕ್ಕನ್ನಿನ ಹೆಸರೂ ಇಲ್ಲದಾಯಿತು. ತರುವಾಯ ಅವರು ಆರಂಭಿಸಿದ ಸರಕು ಸಾಗಣೆಯ ಸಂಸ್ಥೆಯೂ ಮುಚ್ಚಿತು. ಕನ್ನಡಕ್ಕೂ ಬಂದಿರುವ ತಮ್ಮ ಆತ್ಮಕಥೆಯಲ್ಲಿ ಗೋಪಿನಾಥರು ಕಸಬುಗಳ ಏಳುಬೀಳುಗಳನ್ನು ಸಂಕೋಚವಿಲ್ಲದೆ ಬರೆದಿದ್ದಾರೆ. ಅವರಿಗೆ ಧೈರ್ಯ ಹೆಚ್ಚು, ಸಿದ್ಧಾರ್ಥರಿಗೆ ಕಡಮೆ ಎಂದು ಹೇಳುವುದು ಕ್ರೌರ್ಯವಾದೀತು, ಅಸತ್ಯವೂ ಆದೀತು. ಇಬ್ಬರ ಋಣದ ಸ್ವರೂಪ, ಕಾಲ, ಸನ್ನಿವೇಶ ಎಲ್ಲವೂ ಬೇರೆ. ಆದರೆ ಕಂಪನಿ ಮುಚ್ಚಿದ ಮೇಲೆಯೂ ಆ ಮನುಷ್ಯನಿಗೆ ಮಾತಾಡಲು, ಬರೆಯಲು, ಮರಳಿ ಹೊಲಕ್ಕೆ ಹೋಗಲು ಸಾಧ್ಯವಾಯಿತೆಂಬುದನ್ನು ನಮ್ಮ ತರುಣರು ಅರಿಯುವುದು ಅವಶ್ಯ.

ಮನಸ್ಸಿನ ದಣಿವು ನಮ್ಮ ಕಡೆ ತನ್ನ ನಿಜವಾದ ಹೆಸರಿನಿಂದ ಬರುವುದು ವಿರಳ. ಅದು ‘ಗ್ಯಾಸ್ಟ್ರಿಕ್’ ಎಂದು ಬರುತ್ತದೆ, ಬೆನ್ನುನೋವೆಂದು ಬರುತ್ತದೆ, ಎದೆ ಹಿಡಿದಂತಾಗುತ್ತದೆಂದು ಬರುತ್ತದೆ. ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಫೋನು ಬಡಿದರೆ ಗಾಬರಿಯಾಗುವುದು, ಮಗುವಿನ ಮಾತು ಕೂಡ ಕಿರಿಕಿರಿಯಾಗುವುದು, ಮದುವೆ ಮುಂಜಿಗಳಿಗೆ ಹೋಗದೆ ತಪ್ಪಿಸಿಕೊಳ್ಳುವುದು, ಕುಡಿತ ಮೆಲ್ಲಗೆ ಹೆಚ್ಚುವುದು, ತಾನಿಲ್ಲದಿದ್ದರೇ ಎಲ್ಲರಿಗೂ ಒಳಿತೆಂಬ ಮಾತು ಬಾಯಿತಪ್ಪಿ ಬರುವುದು: ಇವು ವಾರಗಟ್ಟಲೆ ಉಳಿದರೆ ವೈದ್ಯರ ಬಳಿ ಹೋಗಲೇಬೇಕಾದ ಲಕ್ಷಣಗಳು. ಕೊನೆಯದನ್ನು ಕೇಳಿದವರಂತೂ ಅಂದೇ ಎಚ್ಚೆತ್ತುಕೊಳ್ಳಬೇಕು, ಆ ಮನುಷ್ಯನನ್ನು ಒಂಟಿಯಾಗಿ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಜನರಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆಗಳಿದ್ದು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ.

ಇಂಥ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯಬಹುದೆಂಬುದು ದೇಶಕ್ಕೆ ಮನದಟ್ಟಾದುದು ನಮ್ಮ ಈ ನೆಲದಲ್ಲಿಯೇ ಎಂಬ ಸಂಗತಿ ಇಲ್ಲಿನವರಿಗೇ ಹೆಚ್ಚಾಗಿ ತಿಳಿಯದು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, ಅನಂತರ ಬಳ್ಳಾರಿಗೆ ಮರಳಿ, ಈಗ 2021ರಿಂದ ಉಳಿದ ನೆರೆ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯಲ್ಲಿದೆ. ಆದರೆ 1985ರಿಂದ 1990ರವರೆಗೆ ನಿಮ್ಹಾನ್ಸ್ ತನ್ನ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗವನ್ನು ನಡೆಸಿದಾಗ ಇವೆಲ್ಲವೂ ಅವಿಭಜಿತ ಬಳ್ಳಾರಿ ಜಿಲ್ಲೆಯೊಳಗಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿಯನ್ನು ಕೊಟ್ಟು, ಕೆಲವೇ ಅವಶ್ಯ ಔಷಧಗಳನ್ನು ಅಲ್ಲಿಯೇ ದೊರಕಿಸಿ, ಕಠಿನವಾದ ರೋಗಗಳಿಗೆ ಮಾತ್ರ ಜಿಲ್ಲಾ ಕೇಂದ್ರದ ತಜ್ಞರನ್ನು ಕಾಣುವ ಏರ್ಪಾಡು ಅದು. ‘ಬಳ್ಳಾರಿ ಮಾದರಿ’ ಎಂದು ಖ್ಯಾತಿಗೊಂಡ ಈ ಪ್ರಯೋಗದ ಫಲವನ್ನು ನೋಡಿಯೇ ಭಾರತ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ ಕ್ರಮೇಣ ದೇಶದಲ್ಲೆಲ್ಲ ಹಬ್ಬಿಸಿತು. ಈಗ ಅದಕ್ಕೆ ದೂರವಾಣಿಯ ಸೌಕರ್ಯವೂ ಕೂಡಿದೆ. 2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ಎಂಬ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆಮಾಡಿದರೆ, ತರಬೇತಿ ಪಡೆದವರು ಹಣ ಕೇಳದೆ ಕನ್ನಡದಲ್ಲಿಯೇ ಮಾತಾಡುತ್ತಾರೆ, ಅಗತ್ಯ ಬಿದ್ದರೆ ತಜ್ಞರೊಡನೆ ಸಂಪರ್ಕ ಕಲ್ಪಿಸುತ್ತಾರೆ. ಸಾಲದ ಮನೆಯಲ್ಲಿ ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಕುಳಿತವನಿಗೆ ಆ ಹೊತ್ತಿನಲ್ಲೂ ಮಾತಿಗೆ ಸಿಗುವವರೊಬ್ಬರಿದ್ದಾರೆ.

ವೈದ್ಯರ ಕೈಯಲ್ಲಿಲ್ಲದ ಒಂದು ಕೆಲಸವು ಮನೆಯವರ ಕೈಯಲ್ಲಿದೆ. ಮಗನೋ ಮಗಳೋ ಕಂಪನಿ ತೆರೆಯುತ್ತೇನೆಂದು ಬಂದಾಗ, ಹಣ ಕೊಡುವ ಆ ಮೊದಲ ದಿನವೇ, ಮನೆಯ ಹಿರಿಯರು ಕುಳಿತು ಎರಡು ಸಂಗತಿಗಳನ್ನು ನಿಶ್ಚಯಿಸಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು: ಇಷ್ಟು ಹಣ ಹೋದರೆ ಹೋಯಿತೆಂದು ಯಾರೂ ಯಾರನ್ನೂ ಆಡಿಕೊಳ್ಳದೆ ಬಿಡತಕ್ಕ ಮೊತ್ತ ಎಷ್ಟು, ಮತ್ತು ಏನೇ ಆದರೂ ಅಡವಿಡತಕ್ಕದ್ದಲ್ಲದ ಆಸ್ತಿ ಯಾವುದು. ಆ ಮೊತ್ತ ಮುಟ್ಟಿದ ದಿನ ಮನೆಗೆ ತಿಳಿಸಬೇಕಾದುದು ಕಂಪನಿ ಕಟ್ಟಿದವರ ಕರ್ತವ್ಯ. ತಿಳಿಸಿದಾಗ ಬೈಗುಳವಿಲ್ಲದೆ ಕೇಳಬೇಕಾದುದು ಉಳಿದವರ ಕರ್ತವ್ಯ. ಜಾಮೀನಿನ ಪತ್ರಗಳಿಗೆ ಸಹಿ ಹಾಕುವ ಮೊದಲು ಊರಿನ ವಕೀಲರೊಬ್ಬರಿಗೆ ಅವನ್ನು ತೋರಿಸುವುದಕ್ಕೂ, ತಿಂಗಳಿಗೊಮ್ಮೆಯಾದರೂ ಲೆಕ್ಕವನ್ನು ಮಡದಿಯ ಅಥವಾ ಗಂಡನ ಮುಂದಿಡುವುದಕ್ಕೂ ಹಣ ಖರ್ಚಾಗುವುದು ಕಡಮೆ. ಆ ಲೆಕ್ಕವನ್ನು ನೋಡುವ ದಿನ ಮೊದಲು ಊಟಕ್ಕೆ ಬಡಿಸಿ, ಪುಸ್ತಕವನ್ನು ಆಮೇಲೆ ಬಿಚ್ಚಲಿ.